ದುಬಾರೆಯಲ್ಲಿ ಒಂದು ಹಗಲು

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ನಮಗೆ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದರು. ನಸುಕಿನಲ್ಲಿಯೇ ಎದ್ದು, ಸ್ನಾನ ಪೂಜೆಗಳನ್ನು ಮುಗಿಸಿ, ಸಾಲಾಗಿ ಕುಳಿತು ಆನೆಯ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಬೇಕಾಗಿತ್ತು. ಕರಿ, ದಂತಿ, ಹಸ್ತಿ, ಗಜ, ಇಭ, ದ್ವಿಪ, ವಾರಣ, ಸ್ತಂಬೇರಮ. ಕಂಬಕ್ಕೆ ಕಟ್ಟಿಹಾಕಿದ ಪ್ರಾಣಿಯಾದ್ದರಿಂದ ಅದು ‘ಸ್ತಂಭೇರಮ’ ಇರಬೇಕೆಂದು ನಾನು ಭಾವಿಸಿದ್ದೆ. ಗುರುಗಳು ನಕ್ಕು ತಿದ್ದಿದರು: “ಸ್ತಂಭವಲ್ಲ ಮಗು, ಸ್ತಂಬ. ಎಂದರೆ ಹುಲ್ಲಿನ ಪೊದೆ. ಹುಲ್ಲಿನ ಪೊದೆಗಳಲ್ಲಿ ಆನಂದಪಡುವುದು ಸ್ತಂಬೇರಮ.” ಹೆಸರುಗಳು ನಾಲಗೆಯ ಮೇಲೆ ಉಳಿದವು. ಆದರೆ ಜಾತ್ರೆಯ ಆನೆಯನ್ನು ದೂರದಿಂದ ಕಂಡದ್ದನ್ನು ಬಿಟ್ಟರೆ, ಆನೆಯ ಬಳಿ ಹೋಗಿ ನಿಂತದ್ದು ಅರವತ್ತು ದಾಟಿದ ಮೇಲೆ, ಕೊಡಗಿನ ದುಬಾರೆಯಲ್ಲಿ.

ಕಳೆದ ಮಾಘ ಮಾಸದ ಒಂದು ದಿನ, ಮನೆಯವರು, ಮಗ, ಸೊಸೆ ಹಾಗೂ ಒಂಬತ್ತು ವರ್ಷದ ಮೊಮ್ಮಗನೊಂದಿಗೆ ಮೈಸೂರಿನಿಂದ ಬೆಳಗಿನ ಐದಕ್ಕೆ ಹೊರಟೆವು. ಒಂದೇ ದಿನದಲ್ಲಿ ಐದು ಸ್ಥಳಗಳನ್ನು ನೋಡಬೇಕೆಂದು ನಾನೇ ಪಟ್ಟಿ ಬರೆದಿದ್ದೆ: ದುಬಾರೆ, ಕಾವೇರಿ ನಿಸರ್ಗಧಾಮ, ಬೈಲಕುಪ್ಪೆ, ಮಡಿಕೇರಿಯ ಗದ್ದಿಗೆ, ಸಂಜೆಗೆ ರಾಜಾಸೀಟ್. ಪ್ರತಿಯೊಂದರ ಮುಂದೆ ಗಂಟೆಯನ್ನೂ ನಮೂದಿಸಿದ್ದೆ. ಮನೆಯವರು ಅದನ್ನು ನೋಡಿ, “ಇದು ಪ್ರವಾಸವೋ, ಪರೀಕ್ಷೆಯ ವೇಳಾಪಟ್ಟಿಯೋ?” ಎಂದರು. ಆ ಮಾತನ್ನು ಆಗಲೇ ಕಿವಿಗೆ ಹಾಕಿಕೊಳ್ಳಬೇಕಾಗಿತ್ತು.

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬಯಲನ್ನು ದಾಟಿದೊಡನೆ ಗಾಳಿ ತಣ್ಣಗಾಗುತ್ತದೆ. ಕುಶಾಲನಗರದ ಬಳಿ ಕಾವೇರಿಯೇ ಎರಡು ಜಿಲ್ಲೆಗಳ ಗಡಿ; ಸೇತುವೆ ದಾಟಿದರೆ ಕೊಡಗು. ಊರಿನ ಅಂಗಡಿಗಳಲ್ಲಿ ಜೇನು, ಏಲಕ್ಕಿ, ಕಾಳುಮೆಣಸುಗಳ ಪಕ್ಕದಲ್ಲಿಯೇ ‘ಮನೆಯಲ್ಲಿ ತಯಾರಿಸಿದ ವೈನ್’ ಎಂಬ ಫಲಕ. ಅದೇನೆಂದು ಮೊಮ್ಮಗ ಕೇಳಲು, “ಬಹಳ ದಿನ ಕಾದು ಸ್ವಭಾವ ಕೆಟ್ಟ ಹಣ್ಣಿನ ರಸ” ಎಂದು ಅಜ್ಜಿ ಉತ್ತರವಿತ್ತರು. ನಾವು ಜೇನು ಕೊಂಡು ಮುಂದೆ ಸಾಗಿದೆವು.

ಕುಶಾಲನಗರದಿಂದ ದುಬಾರೆಗೆ ಸುಮಾರು 15 ಕಿಲೋಮೀಟರ್. ದಾರಿಯ ಎರಡೂ ಬದಿಗೆ ಮರಗಳ ನೆರಳಿನಲ್ಲಿ ಕಾಫಿ ತೋಟ. ಆನೆಗಳ ಶಿಬಿರವು ಹೊಳೆಯ ಆಚೆ ದಡದಲ್ಲಿದೆ, ದೋಣಿಯಲ್ಲಿ ದಾಟಬೇಕು. ನಾವು ಮುಟ್ಟುವ ಹೊತ್ತಿಗೆ ಆನೆಗಳು ಮೀಯಲು ನೀರಿಗೆ ಇಳಿದಿದ್ದವು. ಮಾವುತರು ಕಲ್ಲಿನಿಂದ ಉಜ್ಜುತ್ತಿದ್ದರೆ, ಅವು ಮಗ್ಗುಲಾಗಿ ಮಲಗಿ ಕಣ್ಣು ಮುಚ್ಚಿ ಸುಖಿಸುತ್ತಿದ್ದವು. ಒಂದು ಹೆಣ್ಣಾನೆ ಸೊಂಡಿಲಿನಲ್ಲಿ ನೀರು ಎಳೆದುಕೊಂಡು, ಅದನ್ನು ಬಾಯಿಗೆ ಸುರಿದುಕೊಂಡಿತು. ಆಗ ನನಗೆ ‘ದ್ವಿಪ’ ಎಂಬ ಶಬ್ದ ಅರ್ಥವಾಯಿತು: ಎರಡು ಬಾರಿ ಕುಡಿಯುವುದು, ಮೊದಲು ಸೊಂಡಿಲಿನಿಂದ, ಅನಂತರ ಬಾಯಿಯಿಂದ. ಐವತ್ತು ವರ್ಷಗಳ ಹಿಂದೆ ಕಂಠಸ್ಥ ಮಾಡಿದ ಪಾಠದ ವ್ಯಾಖ್ಯಾನ ಕಾವೇರಿಯ ನೀರಿನಲ್ಲಿ ದೊರಕಿತು.

ಆದರೆ ಗಡಿಯಾರ ನನ್ನನ್ನು ಬಿಡಲಿಲ್ಲ. ಮರಳುವಾಗ ದೋಣಿಗೆ ಉದ್ದನೆಯ ಸಾಲು ನಿಂತಿತ್ತು. ನೀರು ಕಡಿಮೆಯಿದೆ, ಬಂಡೆಗಳ ಮೇಲೆ ದಾಟೋಣವೆಂದು ಹೊರಟವನು ನಾನೇ. ಮಂಡಿನೋವಿನ ಮನೆಯವರು ಬೇಡವೆಂದರೂ ಕೇಳಲಿಲ್ಲ. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಸೊಂಟದವರೆಗೆ ನೀರಿಗೆ ಬಿದ್ದೆ. ಒಂದು ಪಾದ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಮೇಲೆ ಶಾಂತವಾಗಿ ಕಾಣುವ ಹೊಳೆಯ ಸೆಳೆತ ಎಂಥದೆಂದು ಆಗ ತಿಳಿಯಿತು. ಶಿಬಿರದ ತರುಣ ಕಾವಾಡಿಯೊಬ್ಬ ಓಡಿಬಂದು ರಟ್ಟೆ ಹಿಡಿದು ಎತ್ತದಿದ್ದರೆ ಈ ಅಂಕಣ ಬರೆಯುವವರು ಬೇರೆಯವರಾಗುತ್ತಿದ್ದರು.

ಒದ್ದೆ ಧೋತರದಲ್ಲಿ, ಕೆತ್ತಿದ ಮೊಣಕಾಲಿನೊಡನೆ ಮರಳಿ ಅದೇ ದಡದಲ್ಲಿ ಕುಳಿತೆ. ಉಳಿದ ನಾಲ್ಕು ಸ್ಥಳಗಳು ಅಲ್ಲಿಯೇ ನಿಂತುಹೋದವು. ನಿಜವಾದ ಪ್ರವಾಸ ಆರಂಭವಾದದ್ದು ಆ ಮೇಲೆ.

ಆ ತರುಣ ಜೇನುಕುರುಬ ಜನಾಂಗದವನು. ಇಲ್ಲಿಯ ಮಾವುತರು, ಕಾವಾಡಿಗಳಲ್ಲಿ ಬಹುಮಂದಿ ಅವರೇ. ವಿದ್ಯೆ ತಂದೆಯಿಂದ ಮಗನಿಗೆ ಬರುತ್ತದೆ. ಸಂಜೆ ಆನೆಗಳನ್ನು ಕಾಲಿಗೆ ಸರಪಣಿ ಹಾಕಿ ಮೇಯಲು ಕಾಡಿಗೆ ಬಿಡುತ್ತಾರಂತೆ. ಬೆಳಗ್ಗೆ ನೆಲದ ಮೇಲೆ ಸರಪಣಿ ಎಳೆದ ಗೆರೆಯನ್ನು ಹಿಡಿದು ಹೋಗಿ ಕರೆತರುತ್ತಾರಂತೆ. “ಓಡಿಹೋದರೆ?” ಎಂದೆ. “ಹೋಗುತ್ತೆ ಬುದ್ಧೀ, ನಾವೂ ಹಿಂದೇನೇ ಹೋಗ್ತೀವಿ” ಎಂದ. ಸೇವೆಯ ಬಗ್ಗೆ ಗಂಟೆಗಟ್ಟಲೆ ಉಪನ್ಯಾಸ ನೀಡಿದ ನನಗೆ ಅದಕ್ಕೆ ಸೇರಿಸಲು ಏನೂ ತೋಚಲಿಲ್ಲ.

ಮೊಮ್ಮಗ ಕೇಳಿದ: “ಅಜ್ಜಾ, ಇದನ್ನು ಯಾಕೆ ಕಟ್ಟಿದ್ದಾರೆ?” ಮಗುವಿನ ಪ್ರಶ್ನೆಗೆ ಸುಳ್ಳು ಹೇಳಬಾರದು. ಹಿಂದೆ ಕಾಡಾನೆಗಳನ್ನು ಹಿಡಿದು ಪಳಗಿಸುತ್ತಿದ್ದುದು ಮರದ ದಿಮ್ಮಿಗಳನ್ನು ಎಳೆಸಲು. ಮೈಸೂರು ಸೀಮೆಯ ಕಾಕನಕೋಟೆಯಲ್ಲಿ ಖೆಡ್ಡಾ 1971ರವರೆಗೂ ನಡೆಯಿತು. ಮರ ಕಡಿಯುವುದು ನಿಂತ ಮೇಲೆ ಆ ಕೆಲಸ ಹೋಯಿತು. ಈಗ ಪಳಗಿದ ಆನೆಗಳು ಮೈಸೂರು ದಸರೆಗೆ ಹೋಗುತ್ತವೆ. ದುಬಾರೆಯ ಗೋಪಿ, ಧನಂಜಯ, ಪ್ರಶಾಂತರನ್ನು ಮೆರವಣಿಗೆ ನೋಡಿದವರೆಲ್ಲ ಬಲ್ಲರು. ಜತೆಗೆ, ತೋಟಗಳಿಗೆ ನುಗ್ಗುವ ಕಾಡಾನೆಗಳನ್ನು ಹಿಡಿಯಲೂ ಇವೇ ಬೇಕು. ಹಿಡಿದ ಆನೆಯನ್ನು ದಪ್ಪ ದಿಮ್ಮಿಗಳ ಕ್ರಾಲ್‌ನಲ್ಲಿ ಕೂಡಿಹಾಕಿ ಪಳಗಿಸುತ್ತಾರೆ.

ಅವು ತೋಟಕ್ಕೆ ಬರುವುದೇಕೆ? ಒಂದಾನೆಗೆ ದಿನಕ್ಕೆ ನೂರೈವತ್ತು ಕಿಲೋಗ್ರಾಮಿನಷ್ಟು ಮೇವು ಬೇಕು. ಕಾಡು ತುಂಡು ತುಂಡಾಗಿದೆ. ತೋಟದಲ್ಲಿ ನೀರು, ನೆರಳು, ಬಾಳೆ, ಹಲಸು ಇವೆ. ಹೀಗೆ ಬಂದ ಆನೆಗೆ ಎದುರಾಗಿ ಪ್ರಾಣ ಕಳೆದುಕೊಳ್ಳುವವರು ಬಹುಪಾಲು ಮುಂಜಾನೆ ಕೂಲಿಗೆ ಹೊರಟ ಬಡವರು. ಅವರ ಮಕ್ಕಳ ಮುಂದೆ ನಿಂತು ಆನೆಯನ್ನು ಹಿಡಿಯಬೇಡಿರೆಂದು ಹೇಳುವ ಧೈರ್ಯ ನನಗಿಲ್ಲ. ಸರಪಣಿಯನ್ನು ಕಂಡು ಸಂತೋಷಪಡಲೂ ಆಗದು. ಬೆಳಗ್ಗೆ ಎರಡು ಲೋಟ ಕಾಫಿ ಕುಡಿದು ಹೊರಟ ನನ್ನದೂ ಆ ಸರಪಣಿಯಲ್ಲಿ ಒಂದು ಕೊಂಡಿಯಿದೆ. ಮೊಮ್ಮಗನಿಗೆ ಇಷ್ಟನ್ನೇ ಹೇಳಿದೆ.

ಹೋಗಬಯಸುವ ಓದುಗರಿಗೆ ನಾಲ್ಕು ಮಾತು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ದೋಣಿ ನಿಲ್ಲುತ್ತದೆ, ಚಳಿಗಾಲ ಉತ್ತಮ. ಆನೆಗಳ ಸ್ನಾನ ಬೆಳಗಿನ ಹೊತ್ತು, ಆದ್ದರಿಂದ ಬೇಗ ತಲುಪಿರಿ. ದೋಣಿಗೆ ಎಷ್ಟೇ ಹೊತ್ತು ಕಾಯಬೇಕಾದರೂ ಕಾಯಿರಿ, ಬಂಡೆಗಳ ಮೇಲೆ ದಾಟಬೇಡಿ. ಮಕ್ಕಳನ್ನು ನೀರಿಗೆ ಇಳಿಸಬೇಡಿ. ತಂದ ತಿಂಡಿಯನ್ನು ಆನೆಗೆ ಎಸೆಯಬೇಡಿ. ಶಿಬಿರದಲ್ಲಿ ಅವಕ್ಕೆ ರಾಗಿಮುದ್ದೆ, ಬೆಲ್ಲ ಕೊಡುತ್ತಾರೆ.

ಇನ್ನು, ಪಟ್ಟಿ ಬರೆಯಬೇಡಿ. ಬೈಲಕುಪ್ಪೆಗೆ ಒಂದು ದಿನ ಬೇಕು: ನಾಡು ಕಳೆದುಕೊಂಡ ಟಿಬೆಟ್ಟಿನ ಜನ 1961ರಿಂದ ಇಲ್ಲಿ ಬದುಕು ಕಟ್ಟಿಕೊಂಡ ಬಗೆಯನ್ನು ಹತ್ತು ನಿಮಿಷದಲ್ಲಿ ನೋಡಲಾಗದು. ಮಡಿಕೇರಿಗೆ ಇನ್ನೊಂದು ದಿನ: 1834ರವರೆಗೆ ಕೊಡಗನ್ನಾಳಿದ ಹಾಲೇರಿಯ ವೀರಶೈವ ಅರಸರ ಗದ್ದಿಗೆ, ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯ, ಎರಡರಲ್ಲೂ ಗುಮ್ಮಟಗಳ ಚೆಲುವು. ಹುಲ್ಲುಗಾವಲಿನ ಬೆಟ್ಟ ಬೇಕೆಂಬ ಯುವಕರು ಮಾಂದಲಪಟ್ಟಿಗೆ ಮತ್ತೊಂದು ದಿನ ಮೀಸಲಿಡಲಿ.

ಹೊರಡುವ ಮುನ್ನ ಆ ತರುಣನ ಕೈಗೆ ಸ್ವಲ್ಪ ಹಣ ಇಡಹೋದೆ. ಆತ ಒಲ್ಲೆನೆಂದ. ಮನೆಯವರು ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ನೀಡಿದಾಗ ನಗುತ್ತ ತೆಗೆದುಕೊಂಡ.

ಮರಳುವ ದಾರಿಯಲ್ಲಿ ಮೊಮ್ಮಗನಿಗೆ ಆನೆಯ ಹೆಸರುಗಳನ್ನು ಹೇಳಿಕೊಟ್ಟೆ. ಹುಣಸೂರು ದಾಟುವಷ್ಟರಲ್ಲಿ ಎಂಟೂ ಬಂದವು. ಕೊನೆಯದಕ್ಕೆ ಅವನು ನನ್ನಂತೆಯೇ ತಪ್ಪಿ ‘ಸ್ತಂಭೇರಮ’ ಎಂದ. ಈ ಬಾರಿ ತಿದ್ದುವ ಸರದಿ ನನ್ನದಾಗಿತ್ತು. “ಕಂಬವಲ್ಲ ಮಗು, ಹುಲ್ಲು” ಎಂದೆ. ಅವನು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, “ಹಾಗಾದರೆ ಆ ಹೆಸರು ಇಟ್ಟವರು ಆನೆಯನ್ನು ಕಾಡಿನಲ್ಲಿ ನೋಡಿದ್ದರು, ಅಲ್ಲವೇ ಅಜ್ಜಾ?” ಎಂದು ಕೇಳಿದ.