ಚೆಲುವಿನ ಹೊಣೆ

ಮನುಷ್ಯನಿಗೂ ನಾಯಿಗೂ ಇರುವ ನಂಟು ಬಹು ಪ್ರಾಚೀನವಾದುದು. ಬೇಟೆಯಲ್ಲಿ ನೆರವಾಗಿ, ಕುರಿಮಂದೆಯನ್ನು ಕಾದು, ಇರುಳಿನಲ್ಲಿ ಎಚ್ಚರವಿದ್ದು ನಾಯಿಯು ತಾನುಂಡ ಅನ್ನದ ಋಣವನ್ನು ತೀರಿಸುತ್ತ ಬಂದಿದೆ. ಈ ಉಪಕಾರವನ್ನು ಕನ್ನಡಿಗರು ಮರೆತವರಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವು ಕಾಳಿ ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಕಾಡುಹಂದಿಯೊಡನೆ ಹೋರಾಡಿ, ಅದರೊಂದಿಗೆ ತಾನೂ ಮಡಿದ ಆ ನಾಯಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಡಲಾಗಿತ್ತು.

ಇಂದು ನಗರದ ಮನೆಗಳಲ್ಲಿ ಕಾಣುವ ಪುಟ್ಟ ನಾಯಿಗಳಿಗೆ ಇಂತಹ ಶೌರ್ಯದ ಕೀರ್ತಿಯಿಲ್ಲ. ಅವುಗಳಲ್ಲಿ ಒಂದು ಲ್ಹಾಸಾ ಆಪ್ಸೊ. ಇದರ ತವರು ಟಿಬೆಟ್. ಅಲ್ಲಿನ ಮಠಗಳಲ್ಲಿಯೂ ಮನೆಗಳಲ್ಲಿಯೂ ಇದು ಒಳಗಿದ್ದುಕೊಂಡೇ ಅಪರಿಚಿತರ ಸುಳಿವನ್ನು ಬೊಗಳಿ ತಿಳಿಸುತ್ತಿತ್ತು. ಇದನ್ನು ಗೌರವದ ಕಾಣಿಕೆಯಾಗಿ ಕೊಡುವ ವಾಡಿಕೆಯೂ ಇತ್ತು. ಹದಿಮೂರನೆಯ ದಲಾಯಿ ಲಾಮಾ ಅವರು ಕೊಟ್ಟ ಜೋಡಿಯೊಂದು 1933ರಲ್ಲಿ ಅಮೆರಿಕವನ್ನು ಸೇರಿತು. ಅಂದು ಕಾಣಿಕೆಯಾಗಿದ್ದುದು ಇಂದು ಮಾರಾಟದ ಸರಕಾಗಿದೆ. ಹಣ ತೆತ್ತು ಕೊಂಡುದನ್ನು ಬೇಡವಾದಾಗ ಎಸೆಯಬಹುದೆಂಬ ಭಾವನೆಯೂ ಅದರ ಹಿಂದೆಯೇ ಬಂದಿದೆ.

ಸುಮಾರು ಇಪ್ಪತ್ತೈದು ಸೆಂಟಿಮೀಟರ್ ಎತ್ತರದ ಈ ನಾಯಿಯ ಸೊಬಗೆಲ್ಲ ಅದರ ನೀಳವಾದ ಕೂದಲಿನಲ್ಲಿದೆ. ಹೊರಗೆ ಉದ್ದನೆಯ ಒರಟು ಕೂದಲು, ಒಳಗೆ ಮೃದುವಾದ ತುಪ್ಪಳು. ಸಮುದ್ರಮಟ್ಟದಿಂದ 3,600 ಮೀಟರ್ ಎತ್ತರದಲ್ಲಿರುವ ಲ್ಹಾಸಾ ನಗರದ ಚಳಿಗೆ ಅದು ತಕ್ಕ ಹೊದಿಕೆ. ಆದರೆ ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಅದೇ ಹೊರೆಯಾಗುತ್ತದೆ. ನಾಯಿಯ ಮೈ ಮನುಷ್ಯನ ಮೈಯಂತೆ ಬೆವರುವುದಿಲ್ಲ. ಅಂಗಾಲುಗಳಲ್ಲಿ ಮಾತ್ರ ಅದಕ್ಕೆ ಅಲ್ಪ ಬೆವರು. ಏದುಸಿರಿನಿಂದಲೇ ಅದು ತಾಪವನ್ನು ಕಳೆದುಕೊಳ್ಳಬೇಕು. ಆದುದರಿಂದ ಬೇಸಗೆಯಲ್ಲಿ ಕೂದಲನ್ನು ಹಿತವಾಗಿ ಕತ್ತರಿಸಿ, ನೆರಳನ್ನೂ ನೀರನ್ನೂ ಒದಗಿಸಬೇಕು. ತಂಪು ಹೊತ್ತಿನಲ್ಲಿಯೇ ಅಡ್ಡಾಡಿಸಬೇಕು.

ಉದುರಿದ ತುಪ್ಪಳು ಹೊರಗಿನ ಕೂದಲಿನಲ್ಲಿ ಸಿಕ್ಕಿಕೊಂಡು ಗಂಟಾಗುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯ ಕೆಳಗೆ ಈ ಗಂಟುಗಳು ಹೆಚ್ಚು. ಅವು ಬಿಗಿದಂತೆಲ್ಲ ಚರ್ಮ ಸೆಳೆದು ನೋಯುತ್ತದೆ. ಒಳಗೆ ತೇವ ನಿಂತು ಹುಣ್ಣಾಗುತ್ತದೆ. ಉಣ್ಣೆಗಳು ಅಡಗಿಕೊಂಡು ಜ್ವರವನ್ನು ತರುತ್ತವೆ. ಆದ್ದರಿಂದ ದಿನವೂ ಬಾಚುವುದು ಅಗತ್ಯ. ಸ್ನಾನಕ್ಕೆ ಮುಂಚೆಯೇ ಗಂಟುಗಳನ್ನು ಬಿಡಿಸಬೇಕು. ನೀರು ಬಿದ್ದರೆ ಅವು ಮತ್ತಷ್ಟು ಬಿಗಿಯುತ್ತವೆ. ಕಣ್ಣಿನ ಮೇಲೆ ಇಳಿಬೀಳುವ ಕೂದಲನ್ನು ಕಟ್ಟಬೇಕು. ಹುಲ್ಲಿನಲ್ಲಿ ಅಡ್ಡಾಡಿ ಬಂದಾಗ ಬೆರಳ ಸಂದಿಯಲ್ಲಿ ಮುಳ್ಳು ಸೇರಿದೆಯೇ ಎಂದು ನೋಡಬೇಕು. ಆಹಾರದಲ್ಲಿಯೂ ಎಚ್ಚರ ಬೇಕು. ಮನೆಯಲ್ಲಿ ಮಿಕ್ಕ ಸಾರನ್ನವನ್ನು ಹಾಕುವ ರೂಢಿಯುಂಟು; ಆದರೆ ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷಪ್ರಾಯ. ರೇಬಿಸ್ ರೋಗದ ವಿರುದ್ಧ ಕಾಲಕಾಲಕ್ಕೆ ಲಸಿಕೆ ಹಾಕಿಸುವುದನ್ನಂತೂ ತಪ್ಪಿಸಲೇಬಾರದು.

ನಾಯಿಯ ಕೂದಲಿಗೆ ಇಷ್ಟು ಹೊತ್ತು ಕಳೆಯುವುದು ಸಿರಿವಂತರ ಶೋಕಿಯೆಂದು ಹೇಳುವವರುಂಟು. ಅವರ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು. ಬಿಡುವಿಲ್ಲದವರು ಇಂತಹ ನಾಯಿಯನ್ನು ತಾರದಿರುವುದೇ ಲೇಸು. ಆದರೆ ತಂದ ಮೇಲೆ ಆ ವಾದ ನಿಲ್ಲುವುದಿಲ್ಲ. ಈ ಕೂದಲನ್ನು ನಾಯಿ ತಾನಾಗಿ ಬಯಸಿ ಪಡೆದುದಲ್ಲ. ಅದರ ಅಂದಕ್ಕೆ ಮರುಳಾಗಿ, ತಲೆಮಾರುಗಳಿಂದ ಆರಿಸಿ ಬೆಳೆಸಿದವನು ಮನುಷ್ಯ. ತನ್ನ ಗಂಟನ್ನು ತಾನೇ ಬಿಡಿಸಿಕೊಳ್ಳಲಾರದ ಜೀವಿಗೆ ಬಾಚಣಿಗೆ ಹಿಡಿಯುವುದು ಅದರ ಮೇಲೆ ತೋರುವ ದಯೆಯಲ್ಲ, ಸಲ್ಲಿಸಬೇಕಾದ ಬಾಕಿ.

ಇಂತಹ ನಾಯಿಯ ಆಯುಸ್ಸು ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದು ವರ್ಷ. ಮರಿಯಾಗಿದ್ದಾಗ ಅದನ್ನು ಎತ್ತಿ ಆಡಿಸುವ ಕೈಗಳು ಹಲವು. ಕಣ್ಣು ಮಂಜಾಗಿ, ಹಲ್ಲು ಉದುರಿ, ಕೂದಲು ಕಳೆಗುಂದಿದಾಗ ಅದನ್ನು ಬೀದಿಗೆ ಬಿಟ್ಟು ಬರುವವರೂ ಇದ್ದಾರೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ. ಕಾನೂನಿನ ಭಯಕ್ಕಿಂತ ಮಿಗಿಲಾದುದು ಮನೆಯವರ ಮನಸ್ಸಾಕ್ಷಿ. ಬೀದಿಯ ಬದುಕನ್ನೇ ಅರಿಯದ ಆ ಮುದಿ ನಾಯಿ, ಬಿಟ್ಟುಹೋದವರು ಮರಳಿ ಬಂದಾರೆಂದು ಅಲ್ಲಿಯೇ ಕಾಯುತ್ತದೆ.

ಕಾಳಿಯ ಸಾಹಸಕ್ಕೆ ಹಿರಿಯರು ಕಲ್ಲನ್ನು ನೆಟ್ಟರು. ಒಂಟಿಯಾದ ವೃದ್ಧರಿಗೂ ಮಕ್ಕಳಿಗೂ ಜೊತೆಯಾಗುವ ಈ ಪುಟ್ಟ ನಾಯಿ ಅಂತಹ ಗೌರವವನ್ನು ಬೇಡುವುದಿಲ್ಲ. ಅದಕ್ಕೆ ಬೇಕಾದುದು ಹಿಡಿ ಅನ್ನ, ದಿನಕ್ಕೆ ಅರ್ಧ ಗಂಟೆಯ ಆರೈಕೆ, ಕೊನೆಯವರೆಗೆ ಮನೆಯಲ್ಲೊಂದು ಮೂಲೆ. ಚೆಲುವನ್ನು ಮೆಚ್ಚಿ ತಂದವರು ಮುಪ್ಪಿನಲ್ಲಿಯೂ ಸಲಹಿದಾಗಲೇ ಅದು ಸಾಕಣೆ ಎನಿಸುತ್ತದೆ.