ಕಾಯಿಲೆಗೆಲ್ಲ ಪೂರ್ವಜನ್ಮದ ಕರ್ಮವೇ ಕಾರಣ ಎಂದು ಬುದ್ಧ ಹೇಳಿದ್ದನೇ?

ಶ್ರವಣಬೆಳಗೊಳದ ಕಡೆಯ ಓದುಗರೊಬ್ಬರು ನಮಗೊಂದು ಫಾರ್ವರ್ಡ್ ಕಳಿಸಿದ್ದರು. ಕಣ್ಣು ಮುಚ್ಚಿ ಕುಳಿತ ಬುದ್ಧನ ಚಿತ್ರ, ಅದರ ಕೆಳಗೊಂದು ಮಾತು: ಈ ಜನ್ಮದ ಕಾಯಿಲೆ ಹಿಂದಿನ ಜನ್ಮದ ಸಾಲ, ಅದು ತೀರುವವರೆಗೆ ಯಾವ ಔಷಧಿಯೂ ನಾಟುವುದಿಲ್ಲ. ಜೊತೆಗೆ ಅವರ ಪ್ರಶ್ನೆ: "ಇದು ನಿಜವಾಗಿಯೂ ಬುದ್ಧ ಹೇಳಿದ್ದಾ?"

ಸುಮ್ಮನೆ ಕುತೂಹಲಕ್ಕೆ ಕೇಳಿದ ಪ್ರಶ್ನೆಯಲ್ಲ ಇದು. ಅವರ ಚಿಕ್ಕಪ್ಪನಿಗೆ ಕುಷ್ಠರೋಗ ಎಂದು ಗೊತ್ತಾಗಿ ಎರಡು ತಿಂಗಳಾಗಿತ್ತು. ಸರ್ಕಾರಿ ಆಸ್ಪತ್ರೆಯ ಮಾತ್ರೆ ನಡೆಯುತ್ತಿತ್ತು. ವಿಷಯ ತಿಳಿದು ಮನೆಗೆ ಬರತೊಡಗಿದ ಪ್ರಚಾರಕರು, ತಮ್ಮ ಜೊತೆ ಸೇರಿದರೆ ಕರ್ಮ ಕಳೆಯುತ್ತದೆ, ಮಾತ್ರೆಯ ಅಗತ್ಯವಿಲ್ಲ ಎನ್ನುತ್ತಿದ್ದರು. ಫಾರ್ವರ್ಡ್ ಕಳಿಸಿದ್ದೂ ಅವರೇ. ಅವರು ಯಾವ ಪಂಥದವರು ಎಂದು ನಾವಿಲ್ಲಿ ಬರೆಯುವುದಿಲ್ಲ. ಹಾಸಿಗೆ ಹಿಡಿದವರ ಪಕ್ಕ ಕುಳಿತು ಇಂಥ ಮಾತಾಡುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ.

ಪ್ರಶ್ನೆಗೆ ಉತ್ತರ: ಇಲ್ಲ. ಇದೇ ಪ್ರಶ್ನೆಯನ್ನು ಬುದ್ಧನಿಗೇ ಕೇಳಲಾಗಿತ್ತು, ಆತ ಇದಕ್ಕೆ ವಿರುದ್ಧವಾದ ಉತ್ತರ ಕೊಟ್ಟಿದ್ದ.

ಸೀವಕನ ಪ್ರಶ್ನೆ

ಪಾಲಿ ಭಾಷೆಯ ಸಂಯುತ್ತ ನಿಕಾಯದಲ್ಲಿ ಸೀವಕ ಸುತ್ತ ಎಂಬ ಪುಟ್ಟ ಭಾಗವಿದೆ. ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧನ ಬಳಿ ಬಂದು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎಂದು ಕೆಲವರು ಹೇಳುತ್ತಾರಲ್ಲ, ನೀವೇನಂತೀರಿ? ಬುದ್ಧ ಎಂಟು ಕಾರಣಗಳನ್ನು ಎಣಿಸುತ್ತಾನೆ. ಪಿತ್ತ, ಕಫ, ವಾತ, ಈ ಮೂರೂ ಕೂಡಿದ ಸನ್ನಿಪಾತ, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನಿಂದ ಬಿದ್ದ ಪೆಟ್ಟು, ಮತ್ತು ಎಂಟನೆಯದಾಗಿ ಕರ್ಮ. ಎಲ್ಲವೂ ಹಿಂದಿನದರ ಫಲ ಎನ್ನುವವರು ತಮಗೇ ಗೊತ್ತಿರುವುದನ್ನೂ ಲೋಕ ಒಪ್ಪಿರುವುದನ್ನೂ ಮೀರಿ ಮಾತಾಡುತ್ತಿದ್ದಾರೆ, ಅದು ತಪ್ಪು ಎಂದೂ ಹೇಳುತ್ತಾನೆ.

ವಾತ, ಪಿತ್ತ, ಕಫ ಆ ಕಾಲದ ವೈದ್ಯದ ಮಾತು. ಇಂದಿನ ವೈದ್ಯರು ರೋಗಾಣು, ಜೀನ್, ಪೌಷ್ಟಿಕತೆ ಎನ್ನುತ್ತಾರೆ. ಮುಖ್ಯವಾದದ್ದು ಉತ್ತರದ ರೀತಿ. ಮೈಯಲ್ಲಿ, ಹವೆಯಲ್ಲಿ, ನಡವಳಿಕೆಯಲ್ಲಿ ಕಣ್ಣಿಗೆ ಕಾಣುವ ಕಾರಣಗಳು ಮೊದಲು ಬರುತ್ತವೆ, ಕರ್ಮ ಅವುಗಳ ನಂತರ.

ಅರ್ಧ ಸತ್ಯ ಹೇಳಿ ಮುಗಿಸುವುದು ಫಾರ್ವರ್ಡ್‌ಗಳ ಕೆಲಸ, ಆದ್ದರಿಂದ ಉಳಿದರ್ಧವನ್ನೂ ಹೇಳಬೇಕು. ಬೌದ್ಧ ಸಾಹಿತ್ಯದಲ್ಲಿ ಕರ್ಮದಿಂದ ಕಾಯಿಲೆ ಎನ್ನುವ ಮಾತೂ ಇದೆ. ಚೂಳಕಮ್ಮವಿಭಂಗ ಸುತ್ತದ ಪ್ರಕಾರ ಪ್ರಾಣಿಗಳನ್ನು ಹಿಂಸಿಸಿದವರು ಮುಂದಿನ ಜನ್ಮದಲ್ಲಿ ರೋಗಿಷ್ಠರಾಗುತ್ತಾರೆ. ಉದಾನದಲ್ಲಿ ಬರುವ ಸುಪ್ಪಬುದ್ಧ ಎಂಬ ಬಡ ಕುಷ್ಠರೋಗಿಯ ಕಾಯಿಲೆಗೂ ಹಿಂದಿನ ಜನ್ಮದ ಕಥೆ ಇದೆ. ಹಾಗಿದ್ದರೂ ಅದೇ ಸುಪ್ಪಬುದ್ಧ ಆ ದಿನ ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಉಪದೇಶವನ್ನು ಅರ್ಥಮಾಡಿಕೊಂಡವನು. ಅವನನ್ನು ಯಾರೂ ಹೊರಗೆ ಕಳಿಸಲಿಲ್ಲ.

ವಿನಯ ಪಿಟಕದ ಮಹಾವಗ್ಗದಲ್ಲಿ ಇನ್ನೊಂದು ಪ್ರಸಂಗವಿದೆ. ಭೇದಿಯಿಂದ ನರಳುತ್ತ ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಷುವನ್ನು ಬುದ್ಧ ಮತ್ತು ಆನಂದ ನೀರು ತಂದು ತೊಳೆಯುತ್ತಾರೆ, ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ನನ್ನ ಸೇವೆ ಮಾಡಬೇಕೆನ್ನುವವರು ಕಾಯಿಲೆಯವರ ಸೇವೆ ಮಾಡಲಿ ಎಂದು ಬುದ್ಧ ಉಳಿದ ಭಿಕ್ಷುಗಳಿಗೆ ಹೇಳುತ್ತಾನೆ. ಇದು ಯಾವ ಜನ್ಮದ ಪಾಪ ಎಂದು ಆ ಕಥೆಯಲ್ಲಿ ಯಾರೂ ಕೇಳುವುದಿಲ್ಲ.

ಇತ್ತೀಚಿನ ಕಾಲಕ್ಕೆ ಬಂದರೆ, 1956ರಲ್ಲಿ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದ ಅಂಬೇಡ್ಕರ್, ಈ ಜನ್ಮದ ಕಷ್ಟಕ್ಕೆ ಹಿಂದಿನ ಜನ್ಮವನ್ನು ಹೊಣೆಯಾಗಿಸುವ ವಾದವನ್ನೇ ಒಪ್ಪಲಿಲ್ಲ. ಬಡವರನ್ನು ಅವರ ಸ್ಥಿತಿಗೆ ಅವರೇ ಕಾರಣ ಎನ್ನಲು ಅದು ಬಳಕೆಯಾಗುತ್ತದೆ ಎಂಬುದು ಅವರ ತಕರಾರು.

ಜಿನನಾಥಪುರದಲ್ಲಿ ಕರ್ಮ ಎಂದರೆ

ಪ್ರಶ್ನೆ ಬಂದದ್ದು ಶ್ರವಣಬೆಳಗೊಳದ ಕಡೆಯಿಂದ. ಅಲ್ಲಿ ಕರ್ಮ ಎಂಬ ಪದಕ್ಕೆ ಬುದ್ಧನಿಗಿಂತ ಹತ್ತಿರದವರು ಜೈನರು. ಬೆಟ್ಟದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿರುವ ಜಿನನಾಥಪುರದಲ್ಲಿ, ಸುಮಾರು 1200ರಲ್ಲಿ ದಂಡನಾಯಕ ರೇಚಿಮಯ್ಯ ಕಟ್ಟಿಸಿದ ಶಾಂತಿನಾಥ ಬಸದಿ ಇದೆ. ಹೊರಗೋಡೆಯ ಶಿಲ್ಪಗಳನ್ನು ನೋಡಲಿಕ್ಕಾದರೂ ಒಮ್ಮೆ ಹೋಗಿ ಬನ್ನಿ.

ಜೈನ ಸಿದ್ಧಾಂತದಲ್ಲಿ ಕರ್ಮ ಎಂಟು ಬಗೆ. ಅದರಲ್ಲಿ ವೇದನೀಯ ಎಂಬುದು ಸುಖ, ನೋವುಗಳಿಗೆ ಸಂಬಂಧಿಸಿದ್ದು. ಬೌದ್ಧ ಗ್ರಂಥಗಳು ಎಲ್ಲವೂ ಹಿಂದಿನ ಕರ್ಮ ಎನ್ನುವವರು ಎಂದು ಆಡಿಕೊಳ್ಳುವುದು ಬಹುಮಟ್ಟಿಗೆ ಜೈನರನ್ನೇ. ಆದರೆ ಎದುರಾಳಿಯ ಮಾತನ್ನು ಎದುರಾಳಿಯ ಬಾಯಿಂದ ಕೇಳಿ ತೀರ್ಮಾನಿಸಬಾರದು. ಜೈನರ ಪ್ರಕಾರ ಕಟ್ಟಿಕೊಂಡ ಕರ್ಮವೂ ಬದಲಾಗಬಲ್ಲದು, ಹೊರಗಿನ ನಿಮಿತ್ತಗಳಿಗೂ ಪಾತ್ರವಿದೆ. ಕರ್ಮ ಎಂದು ಸುಮ್ಮನೆ ಕೂರುವುದನ್ನು ಅವರ ಬದುಕೇ ಒಪ್ಪಿಲ್ಲ. ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವನ್ನೂ ನಾಲ್ಕು ದಾನಗಳಲ್ಲಿ ಒಂದಾಗಿ ಎಣಿಸಿದವರು ಅವರು. ಉಗ್ರಾದಿತ್ಯನ ಸಂಸ್ಕೃತ ವೈದ್ಯಗ್ರಂಥ ಕಲ್ಯಾಣಕಾರಕ, 12ನೇ ಶತಮಾನದ ಕೀರ್ತಿವರ್ಮನ ಕನ್ನಡ ಗೋವೈದ್ಯ, ಎರಡೂ ಜೈನರ ಕೊಡುಗೆ. ಹಸುವಿನ ಕಾಯಿಲೆಗೂ ಮದ್ದು ಬರೆದಿಟ್ಟ ಪರಂಪರೆ ಮನುಷ್ಯನಿಗೆ ಮಾತ್ರೆ ಬೇಡ ಎನ್ನುತ್ತದೆಯೇ?

ಸೇರಲು ಬಂದವನಿಗೆ ಬುದ್ಧ ಹೇಳಿದ್ದು

ಪ್ರಚಾರಕರ ಒತ್ತಡದ ವಿಷಯಕ್ಕೆ ಮಜ್ಝಿಮ ನಿಕಾಯದ ಉಪಾಲಿ ಸುತ್ತದಷ್ಟು ಒಪ್ಪುವ ಕಥೆ ನಮಗೆ ಬೇರೆ ಸಿಗಲಿಲ್ಲ. ಉಪಾಲಿ ನಾಲಂದದ ಶ್ರೀಮಂತ, ಮಹಾವೀರನ ಅನುಯಾಯಿ. ಬುದ್ಧನನ್ನು ವಾದದಲ್ಲಿ ಸೋಲಿಸಲು ಹೋಗಿ ತಾನೇ ಸೋತು, ನಿಮ್ಮವನಾಗುತ್ತೇನೆ ಎನ್ನುತ್ತಾನೆ. (ಬೌದ್ಧರು ಬರೆದ ಕಥೆ, ಗೆಲ್ಲುವವರು ಯಾರೆಂದು ಹೇಳಬೇಕಿಲ್ಲ.) ಬುದ್ಧ ತಕ್ಷಣ ಸೇರಿಸಿಕೊಳ್ಳುವುದಿಲ್ಲ. ಚೆನ್ನಾಗಿ ಯೋಚಿಸು, ನಿನ್ನಂಥ ಹೆಸರುವಾಸಿಗಳು ವಿಚಾರ ಮಾಡಿಯೇ ಹೆಜ್ಜೆ ಇಡಬೇಕು ಎನ್ನುತ್ತಾನೆ. ಉಪಾಲಿಗೆ ಆಶ್ಚರ್ಯ: ಬೇರೆಯವರಾಗಿದ್ದರೆ ಉಪಾಲಿ ನಮ್ಮ ಶಿಷ್ಯನಾದ ಎಂದು ನಾಲಂದದ ತುಂಬ ಬಾವುಟ ಹಿಡಿದು ಮೆರವಣಿಗೆ ಮಾಡುತ್ತಿದ್ದರು! ಈಗಿನವರು ಸೆಲ್ಫಿ ತೆಗೆದು ಸ್ಟೇಟಸ್‌ಗೆ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ. ಇಷ್ಟು ದಿನ ನಿನ್ನ ಮನೆಗೆ ಬರುತ್ತಿದ್ದ ಜೈನ ಮುನಿಗಳಿಗೆ ಊಟ ಕೊಡುವುದನ್ನು ನಿಲ್ಲಿಸಬೇಡ ಎಂದೂ ಬುದ್ಧ ಹೇಳುತ್ತಾನೆ.

ಆದರೂ ಈ ಮಾತು ನಾಟುವುದೇಕೆ?

ಮನಶ್ಶಾಸ್ತ್ರಜ್ಞರಾದ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ 1966ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಬ್ಬ ಹೆಂಗಸಿಗೆ ವಿದ್ಯುತ್ ಶಾಕ್ ಕೊಡುವ ದೃಶ್ಯವನ್ನು ಕೆಲವರಿಗೆ ತೋರಿಸಿದರು. ಶಾಕ್ ನಟನೆ, ನೋಡುವವರಿಗೆ ಅದು ಗೊತ್ತಿರಲಿಲ್ಲ. ಆಕೆಯ ನೋವನ್ನು ನಿಲ್ಲಿಸುವ ದಾರಿ ತಮಗಿಲ್ಲ ಎಂದಾದಾಗ ನೋಡುಗರು ಆಕೆಯ ಬಗ್ಗೆಯೇ ಕೀಳಾಗಿ ಮಾತಾಡತೊಡಗಿದರು. ಲೋಕದಲ್ಲಿ ಎಲ್ಲರಿಗೂ ತಕ್ಕದ್ದೇ ಸಿಗುತ್ತದೆ ಎಂದು ನಂಬಿದರೆ ನಮಗೆ ಹಾಗಾಗಲಾರದು ಎಂಬ ಧೈರ್ಯ ಬರುತ್ತದೆ. ಮಾಡಿದ್ದುಣ್ಣೋ ಮಾರಾಯ ಎನ್ನುವಾಗ ಸಮಾಧಾನವಾಗುವುದು ಹೇಳಿದವರಿಗೆ, ಉಣ್ಣುವವರಿಗಲ್ಲ.

ಇನ್ನು ಗುಣವಾದ ಸಾಕ್ಷಿಗಳು. ಏರಿಳಿಯುವ ನೋವು ಹೆಚ್ಚಾದಾಗಲೇ ನಾವು ಹೊಸ ದಾರಿ ಹುಡುಕುತ್ತೇವೆ, ಆಮೇಲೆ ಅದು ತಾನಾಗಿ ಇಳಿದರೂ ಹೆಸರು ಆ ದಾರಿಗೆ. ಗುಣವಾಗದವರು ವೇದಿಕೆ ಹತ್ತುವುದಿಲ್ಲ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇರೆಯವರ ಪ್ರಾರ್ಥನೆ ತೊಡಕುಗಳನ್ನು ಕಡಿಮೆ ಮಾಡಲಿಲ್ಲ. ತಮಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ ತೊಡಕು 59%, ಗೊತ್ತಿಲ್ಲದೆ ಪ್ರಾರ್ಥನೆ ಪಡೆದವರಲ್ಲಿ 52%. ಪ್ರಾರ್ಥನೆ ಮನಸ್ಸಿಗೆ ಬಲ ಕೊಡುವುದಾದರೆ ಕೊಡಲಿ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಮಾತ್ರೆಯ ಜಾಗಕ್ಕೆ ಅದು ಬರಬಾರದು.

ಚಿಕ್ಕಪ್ಪನ ಮಾತ್ರೆ

ಕುಷ್ಠಕ್ಕೆ ಕಾರಣ ಒಂದು ಬ್ಯಾಕ್ಟೀರಿಯ. ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲೇ ಅದನ್ನು ಗುರುತಿಸಿದ್ದ. ಹಾಗಿದ್ದೂ ನಮ್ಮ ದೇಶದ ವಿವಾಹ ಕಾನೂನುಗಳಲ್ಲಿ ಕುಷ್ಠರೋಗ ವಿಚ್ಛೇದನಕ್ಕೆ ಕಾರಣವಾಗಿ ಉಳಿದಿತ್ತು, ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಪಾಪದ ರೋಗ ಎಂಬ ಕಳಂಕ ಅಷ್ಟು ಹಳೆಯದು. ಬಹು ಔಷಧಿ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ರೋಗದ ಬಗೆ ನೋಡಿ 6 ಅಥವಾ 12 ತಿಂಗಳು. ಶುರುವಾದ ಕೆಲವೇ ದಿನಗಳಲ್ಲಿ ರೋಗ ಇತರರಿಗೆ ಹರಡುವುದು ನಿಲ್ಲುತ್ತದೆ. ನಡುವೆ ಬಿಟ್ಟರೆ ನರಗಳಿಗೆ ಹಾನಿಯಾಗಬಹುದು. ಒಮ್ಮೆ ಹೋದ ಸ್ಪರ್ಶ, ಸೆಟೆದ ಬೆರಳು ಮತ್ತೆ ಮೊದಲಿನಂತಾಗುವುದು ಕಷ್ಟ.

ಕಾನೂನಿನ ಬಗ್ಗೆಯೂ ಓದುಗರು ಕೇಳಿದ್ದರು. ತನ್ನ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಸಂವಿಧಾನದ 25ನೇ ವಿಧಿಯಲ್ಲಿದೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಆದರೆ ಮನೆಗೆ ಬಂದವರನ್ನು ಎದುರಿಸಲು ಪೊಲೀಸ್ ಠಾಣೆಯೇ ಮೊದಲ ದಾರಿಯಾಗಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಈ ಹೊತ್ತಿನಲ್ಲಿ ಭೇಟಿ ಬೇಡ, ಚಿಕ್ಕಪ್ಪನ ಔಷಧಿಯ ವಿಷಯ ಡಾಕ್ಟರ ಜೊತೆ ಮಾತ್ರ ಎಂದು ಮನೆಯ ಹಿರಿಯರು ಬಾಗಿಲಲ್ಲೇ ಹೇಳಿದರೆ ಸಾಕಾಗುತ್ತದೆ. ಮಾತ್ರೆಯ ಬಗ್ಗೆ ಅನುಮಾನವಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಬಹುದು. ಮೈಮೇಲೆ ಮಸುಕಾದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಕಂಡ ಮನೆಯ ಉಳಿದವರೂ ಒಮ್ಮೆ ಅಲ್ಲಿ ತೋರಿಸಿಕೊಳ್ಳಲಿ.