ಲೋಹದ ಕಣಗಳಿಗೆ ಕಣ್ಣಳತೆ ಸಾಲದು
ಉಕ್ಕಿನ ತುಂಡನ್ನು ಕನ್ನಡಿಯಂತೆ ಉಜ್ಜಿ, ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್ ಸವರಿ ಸೂಕ್ಷ್ಮದರ್ಶಕದಡಿ ಇಟ್ಟರೆ ಗೆರೆಗಳ ನಡುವೆ ಕಣಗಳು ಕಾಣುತ್ತವೆ. ಒಂದೊಂದೂ ಒಂದು ಸ್ಫಟಿಕ. ಪರಮಾಣುಗಳ ಸಾಲಿನ ದಿಕ್ಕು ಕಣದಿಂದ ಕಣಕ್ಕೆ ಬೇರೆ. ಕಣ ಸಣ್ಣದಾದಷ್ಟೂ ಲೋಹ ಸಾಮಾನ್ಯವಾಗಿ ಗಟ್ಟಿಯಾಗುತ್ತದೆ ಎಂದು ವಿಜ್ಞಾನಿಗಳಾದ ಹಾಲ್ ಮತ್ತು ಪೆಚ್ 1950ರ ದಶಕದ ಆರಂಭದಲ್ಲೇ ತೋರಿಸಿದ್ದರು. ಇಷ್ಟಾದರೂ ಮಾದರಿ ಚಿತ್ರದೊಂದಿಗೆ ಹೋಲಿಸಿ ಕಣದ ಗಾತ್ರ ಅಂದಾಜಿಸುವ ರೂಢಿ ಹೋಗಿಲ್ಲ. ಸಾಮಾನ್ಯ ತಪಾಸಣೆಗೆ ಅದು ನಡೆದೀತು. ಪರಮಾಣುಗಳೇ ಕಾಣುವ ಚಿತ್ರಗಳಿಗೆ ಮಾತ್ರ ವೇವ್‌ಲೆಟ್ ಗಣಿತವನ್ನೇ ಅಳತೆಗೋಲಾಗಿಸಬೇಕು.

ಚಿತ್ರವನ್ನು ಅಲೆಗಳಾಗಿ ಬಿಡಿಸುವ ಫೂರಿಯೇ ವಿಧಾನವೊಂದೇ ಸಾಲದೇ ಎಂಬ ಆಕ್ಷೇಪವಿದೆ. ಚಿತ್ರದಲ್ಲಿ ಯಾವ ದಿಕ್ಕಿನ ಸಾಲುಗಳಿವೆ ಎಂದು ಅದು ಹೇಳುತ್ತದೆ, ಎಲ್ಲಿವೆ ಎಂದು ನೇರವಾಗಿ ಹೇಳದು. ವೇವ್‌ಲೆಟ್ ಬೇಗನೆ ಅಡಗುವ ಪುಟ್ಟ ಅಲೆ. ಅದರ ಗಾತ್ರ, ದಿಕ್ಕು ಬದಲಿಸುತ್ತಾ ಚಿತ್ರದ ಮೇಲೆ ಸರಿಸಿದರೆ, ಕಣದೊಳಗೆ ಒಂದು ದಿಕ್ಕಿಗೆ ಪ್ರತಿಕ್ರಿಯೆ ಜೋರಾಗಿರುತ್ತದೆ, ಅಂಚಿನಲ್ಲಿ ಕುಸಿಯುತ್ತದೆ. ಗಡಿ ಸಿಗುವುದು ಅಲ್ಲೇ. ಸಾಲುಗಳ ಅಂತರ ತುಸು ಹಿಗ್ಗಿದರೂ ಕುಗ್ಗಿದರೂ ಒಳಗಿನ ಎಳೆತ ಪತ್ತೆಯಾಗುತ್ತದೆ.

ಕೃತಕ ಬುದ್ಧಿಮತ್ತೆ ಇದನ್ನೆಲ್ಲ ಕ್ಷಣದಲ್ಲಿ ಮಾಡೀತಲ್ಲ ಎನ್ನುವವರೂ ಇದ್ದಾರೆ. ವೇಗ ನಿಜ. ಆದರೆ ಅದಕ್ಕೆ ಗುರುತು ಹಾಕಿದ ರಾಶಿ ಚಿತ್ರಗಳು ಬೇಕು. ಹೊಸ ಮಿಶ್ರಲೋಹ ಎದುರಾದಾಗ ಎಡವಿದರೆ ಕಾರಣ ಹುಡುಕುವುದು ಕಷ್ಟ. ವೇವ್‌ಲೆಟ್‌ನಲ್ಲೂ ಅಲೆಯ ಅಗಲ, ಮಿತಿಗಳನ್ನು ಮನುಷ್ಯನೇ ಆರಿಸಬೇಕು, ಸರಿ. ಆ ಆಯ್ಕೆ ಕಾಗದದ ಮೇಲಿರುತ್ತದೆ, ಇನ್ನೊಬ್ಬರು ಪರೀಕ್ಷಿಸಬಹುದು. ಟರ್ಬೈನ್ ಅಲಗಿನಂಥ ಬಿಡಿಭಾಗಗಳ ಲೋಹವನ್ನು ಒಪ್ಪುವಾಗ ವೇಗಕ್ಕಿಂತ ಈ ಉತ್ತರದಾಯಿತ್ವವೇ ಮುಖ್ಯ.